ಹೊಕ್ಕವರು ಒಳಗಿರುವಾಗ ಮೈಯೊಡೆಯ ಎಲ್ಲಿ?

2014ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಐದನೆಯ ಆವೃತ್ತಿಯಲ್ಲಿ ಪ್ರೇತ ಮೈಗೆ ಹೊಗುವ ನಿಯಮ ಹೀಗಿದೆ. ಐದು ಅಡಿಯೊಳಗೆ ನಿಂತ, ಮನುಷ್ಯಾಕಾರದ ಯಾರನ್ನಾದರೂ ಪ್ರೇತ ಆರಿಸಿಕೊಳ್ಳುತ್ತದೆ. ಆ ಪಾತ್ರವನ್ನು ಆಡುತ್ತಿರುವವರು ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಅಂಕಿಗೆ ಪಾತ್ರದ ವರ್ಚಸ್ಸಿನ ಲೆಕ್ಕ ಸೇರಿಸಿ, 13 ಮುಟ್ಟಬೇಕು. ಬಿದ್ದದ್ದು 9, ವರ್ಚಸ್ಸಿನಿಂದ ಸಿಕ್ಕಿದ್ದು ಸೊನ್ನೆ ಎಂದುಕೊಳ್ಳೋಣ. ಪ್ರೇತ ಕಣ್ಮರೆಯಾಗುತ್ತದೆ. ಕವಚ ತೊಟ್ಟ ಯೋಧ ನಿಂತಲ್ಲೇ ನಿಂತಿರುತ್ತಾನೆ, ಆದರೆ ಅವನ ಕೈಕಾಲು ಇನ್ನು ಅವನ ಮಾತು ಕೇಳುವುದಿಲ್ಲ. ನಿಯಮದ ಮುಂದಿನ ಸಾಲುಗಳು ಇನ್ನೂ ಕುತೂಹಲದವು. ಪ್ರೇತ ತನ್ನ ಬುದ್ಧಿ, ವಿವೇಕ, ವರ್ಚಸ್ಸು, ಒಳಿತು ಕೆಡುಕುಗಳ ಕಡೆಗಿನ ಒಲವು ಇಷ್ಟನ್ನೂ ತನ್ನ ಜೊತೆಗೇ ತರುತ್ತದೆ. ತೋಳ್ಬಲ, ಚುರುಕು, ತಾಳಿಕೆ ಯೋಧನವು. ಆದರೆ ಯೋಧನಿಗೆ ಗೊತ್ತಿದ್ದದ್ದು ಪ್ರೇತಕ್ಕೆ ಗೊತ್ತಾಗುವುದಿಲ್ಲ. ಅವನು ಪಳಗಿದ ವರಸೆಗಳೂ ಅದಕ್ಕೆ ದಕ್ಕುವುದಿಲ್ಲ. ಪಕ್ಕದ ಸಂಗಾತಿಗೆ ಅನುಮಾನ ಬಂದು 'ನನ್ನ ಹೆಸರು ಹೇಳು ನೋಡೋಣ' ಎಂದರೆ, ಹತ್ತು ವರ್ಷ ಆ ಹೆಸರನ್ನು ಕೂಗಿದ ಬಾಯಿ ತೆರೆದೇ ಇರುತ್ತದೆ, ಹೆಸರು ಬರುವುದಿಲ್ಲ. ಇನ್ನೂ ಒಂದು ಮಾತಿದೆ: ಮೈಯ ಹಿಡಿತ ತಪ್ಪಿದರೂ ಯೋಧನ ಎಚ್ಚರ ತಪ್ಪಿರುವುದಿಲ್ಲ. ಒಳಗಿನಿಂದ ಎಲ್ಲವನ್ನೂ ನೋಡುತ್ತಿರುತ್ತಾನೆ. ಹೆಸರು ನಾಲಿಗೆಯ ತುದಿಯಲ್ಲೇ ಇದೆ, ನಾಲಿಗೆ ಅವನದಲ್ಲ.

ಮೇಜಿನ ಸುತ್ತ ನಾಲ್ಕಾರು ಮಂದಿ ಕೂತು, ಒಬ್ಬರು ಕಥೆ ನಡೆಸುತ್ತ, ಉಳಿದವರು ತಲಾ ಒಂದೊಂದು ಪಾತ್ರವಾಗಿ ಮಾತಾಡುತ್ತ, ಏನಾಯಿತೆಂಬ ಸಂದೇಹ ಬಂದಲ್ಲಿ ದಾಳವನ್ನು ಕೇಳುತ್ತ ಸಾಗುವ ಈ ಬಗೆಯ ರೋಲ್‌ಪ್ಲೇ ಆಟ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಹೆಸರಿನಲ್ಲಿ. ಅಂದಿನಿಂದ ಇಂದಿನವರೆಗೆ ಈ ಆಟಗಳು ಒಂದು ಪ್ರಶ್ನೆಗೆ ಮತ್ತೆ ಮತ್ತೆ ಮರಳಿವೆ. ಒಂದು ಮೈಗೆ ಬೇರೆಯ ಆತ್ಮ ಹೊಕ್ಕರೆ ಆ ಮೈಯೊಡೆಯನ ಸ್ವಭಾವ, ನೆನಪು, ಚಟ, ಮಮತೆ ಏನಾಗುತ್ತವೆ? ಕಥೆ ಬರೆಯುವವರು ಇದನ್ನು ಮಬ್ಬಾಗಿ ಬಿಟ್ಟು ಮುಂದೆ ಹೋಗಬಹುದು. ನಿಯಮ ಬರೆಯುವವರಿಗೆ ಆ ಅನುಕೂಲವಿಲ್ಲ. ಯಾವ ಅಂಕ ಯಾರದು, ಯಾವ ನೆನಪು ಯಾರಿಗೆ ಸಲ್ಲುತ್ತದೆ, ಈಗ ಮಾತಾಡುವ ಹಕ್ಕು ಮೇಜಿನ ಯಾವ ಕುರ್ಚಿಯದು ಎಂದು ಅವರು ಬಿಡಿಸಿ ಹೇಳಲೇಬೇಕು. ಹಾಗಾಗಿ ಇಂಥ ಪ್ರತಿ ನಿಯಮವೂ ವ್ಯಕ್ತಿತ್ವವೆಂದರೇನು ಎಂಬುದರ ಬಗ್ಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಂಡಿಸಿದ ಒಂದು ವಾದ. ಐವತ್ತು ವರ್ಷಗಳ ಈ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಮೈಯೊಡೆಯನನ್ನು ಪೂರ್ತಿ ಒರೆಸಿಹಾಕುವ ನಿಯಮ ಆವೇಶದ ನಿಯಮವೇ ಅಲ್ಲ, ಅಂಗಿ ಬದಲಿಸುವ ನಿಯಮ. ಒಳಗೆ ಇನ್ನೊಬ್ಬರಿದ್ದಾರೆ ಎಂದು ಸುತ್ತಲಿನವರಿಗೆ ತಿಳಿಯುವುದೇ ಮೊದಲಿದ್ದವನ ಗುರುತು ಉಳಿದಿರುವುದರಿಂದ. ಆ ಗುರುತು ಹೋದರೆ ಹೊಕ್ಕದ್ದೂ ಕಾಣದಾಗುತ್ತದೆ.

ಆರಂಭದ ಆಟಗಳು ಹೀಗೆ ಯೋಚಿಸಲಿಲ್ಲ. 1978ರ 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪುಸ್ತಕದಲ್ಲಿ 'ಮ್ಯಾಜಿಕ್ ಜಾರ್' ಎಂಬ ಮಂತ್ರವಿದೆ. ಮಾಂತ್ರಿಕ ತನ್ನ ಪ್ರಾಣವನ್ನು ಒಂದು ಹರಳಿಗೆ ಇಳಿಸಿ, ಅಲ್ಲಿಂದ ಹತ್ತಿರದವರೊಬ್ಬರ ಮೈಗೆ ಹಾರುತ್ತಾನೆ. ಆ ಮೈಯವನ ಪ್ರಾಣ ಹರಳಿಗೆ ಹೋಗಿ ಬೀಳುತ್ತದೆ. 2000ದಲ್ಲಿ ಬಂದ ಮೂರನೆಯ ಆವೃತ್ತಿ ಇದರ ಲೆಕ್ಕವನ್ನು ಚೊಕ್ಕ ಮಾಡಿತು. ಆಟದಲ್ಲಿ ಎಲ್ಲ ಪಾತ್ರಗಳಿಗೂ ಆರು ಗುಣಗಳು. ಬುದ್ಧಿ, ವಿವೇಕ, ವರ್ಚಸ್ಸು ಮಾಂತ್ರಿಕನ ಜೊತೆ ಹೋಗುತ್ತವೆ. ಬಲ, ಚುರುಕು, ತಾಳಿಕೆ ಮೈಯಲ್ಲೇ ಉಳಿಯುತ್ತವೆ. ಕತ್ತಿ ಬೀಸುವ ಕೌಶಲದ ಅಂಕವೂ ಮಾಂತ್ರಿಕನ ಜೊತೆಗೇ ಹೋಗುತ್ತದೆ, ಕೈಯಲ್ಲಿ ಉಳಿಯುವುದಿಲ್ಲ. ಗೆರೆ ಎಷ್ಟು ನೇರವಾಗಿದೆಯೆಂದರೆ ಅಡ್ಡಾದಿಡ್ಡಿಯಾದದ್ದೆಲ್ಲ ಅದರ ಹೊರಗೆ ಉಳಿದಿದೆ. ಇಪ್ಪತ್ತು ವರ್ಷ ಈಟಿ ಹಿಡಿದ ಅಂಗೈಗೆ ಈಟಿಯ ನೆನಪಿಲ್ಲವೇ? ಕುಡಿತಕ್ಕೆ ಬಿದ್ದವನ ಮೈಗೆ ಹೊಕ್ಕರೆ ಸಂಜೆಯಾಗುತ್ತಲೇ ಕೈ ನಡುಗುವುದು ಯಾರದು? ಬೆಂಕಿಗೆ ಹೆದರಿ ಬೆಳೆದವನ ಎದೆಬಡಿತ ಹೊಸಬನಿಗೂ ಬರುತ್ತದೆಯೇ? ಇಂಥವಕ್ಕೆ ಅಂಕವಿಲ್ಲ, ಹಾಗಾಗಿ ನಿಯಮವೂ ಇಲ್ಲ. ಮೈ ಎಂದರೆ ಪಾತ್ರೆ, ಸ್ವಭಾವ ಎಂದರೆ ಅದರಲ್ಲಿ ಹುಯ್ದ ನೀರು ಎಂಬಷ್ಟು ಸರಳ ನಂಬಿಕೆ.

ನಮ್ಮ ಕಡೆಯ ಓದುಗರಿಗೆ ಈ ಮಂತ್ರ ಹೊಸದಲ್ಲ, ಪರಕಾಯ ಪ್ರವೇಶವೇ ಅದು. ಮಾಧವೀಯ ಶಂಕರವಿಜಯದ ಪ್ರಸಿದ್ಧ ಕಥೆಯಲ್ಲಿ ಉಭಯಭಾರತಿಯ ಪ್ರಶ್ನೆಗಳಿಗೆ ಉತ್ತರ ಹುಡುಕುವುದಕ್ಕಾಗಿ ಶಂಕರರು ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿಗೆ ಬಿಟ್ಟು ಸತ್ತ ಅಮರುಕ ರಾಜನ ದೇಹಕ್ಕೆ ಹೊಗುತ್ತಾರೆ. ಮ್ಯಾಜಿಕ್ ಜಾರ್ ನಿಯಮದ ಮೇಲ್ಪಂಕ್ತಿಯೆಲ್ಲ ಅಲ್ಲಿದೆ: ಬಿಟ್ಟುಬಂದ ದೇಹದ ಅಪಾಯ, ಅವಧಿಯ ಮಿತಿ, ಗುಟ್ಟು ಬಯಲಾಗುವ ಭಯ. ಆದರೆ ಕಥೆ ಆಟಕ್ಕಿಂತ ಜಾಣತನದ್ದು. ಎದ್ದು ಕೂತ ರಾಜ ಹಿಂದಿನವನಿಗಿಂತ ಮಿಗಿಲಾಗಿ ಆಳುತ್ತಿದ್ದಾನೆಂದೇ ಮಂತ್ರಿಗಳಿಗೆ ಸಂಶಯ ಹುಟ್ಟುತ್ತದೆ. ಇನ್ನೊಂದು ಕಡೆ, ರಾಜದೇಹದ ಭೋಗದಲ್ಲಿ ಹೊಕ್ಕವರಿಗೇ ತಾವು ಯಾರೆಂಬುದು ಮರೆಯುತ್ತ ಬರುತ್ತದೆ. ಶಿಷ್ಯರು ಹಾಡುಗಾರರ ವೇಷದಲ್ಲಿ ಬಂದು ನೆನಪಿಸಬೇಕಾಗುತ್ತದೆ. ಮೈ ಬರಿಯ ಪಾತ್ರೆಯಾಗಿದ್ದರೆ ಈ ಮರೆವಿಗೆ ಕಾರಣವೇ ಇರುತ್ತಿರಲಿಲ್ಲ. 'ಭಗವದಜ್ಜುಕ' ಪ್ರಹಸನದಲ್ಲಿ ಸಂನ್ಯಾಸಿ ಮತ್ತು ಗಣಿಕೆಯ ಆತ್ಮಗಳು ಅದಲುಬದಲಾಗುವಾಗ ನಗು ಹುಟ್ಟುವುದೂ ಇದೇ ಜಾಗದಲ್ಲಿ: ಗಣಿಕೆಯ ಮೈ ವೇದಾಂತ ಮಾತಾಡುವುದು ನಗು ತರಿಸಬೇಕಾದರೆ, ಆ ಮೈಯಿಂದ ನಾವು ಮೊದಲು ಏನು ಕೇಳಿದ್ದೆವು ಎಂಬುದು ನೆನಪಿರಬೇಕು.

ಅಚ್ಚರಿಯೆಂದರೆ, ಗೈಗ್ಯಾಕ್ಸ್ ಅವರ ಪುಸ್ತಕದಲ್ಲೇ ಮೈ ಬರಿಯ ಪಾತ್ರೆ ಎಂಬ ನಂಬಿಕೆಗೆ ಎದುರಾದ ಒಂದು ನಿಯಮ ಅಡಗಿ ಕೂತಿತ್ತು. 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಮಾತಾಡುವ, ಹಟಮಾಡುವ ಕತ್ತಿಗಳಿವೆ. ಇವುಗಳ ಹಿಂದೆ ಮೈಕೆಲ್ ಮೂರ್‌ಕಾಕ್ 1961ರಿಂದ ಬರೆದ ಎಲ್ರಿಕ್ ಕಥೆಗಳ ಆತ್ಮ ಹೀರುವ ಕರಿಗತ್ತಿಯ ನೆರಳನ್ನು ಕಾಣದಿರುವುದು ಕಷ್ಟ. ಕತ್ತಿಯ ಇಚ್ಛೆಗೂ ಹಿಡಿದವನ ಇಚ್ಛೆಗೂ ತಿಕ್ಕಾಟ ಬಂದಾಗ ಎರಡೂ ಕಡೆಯ ವ್ಯಕ್ತಿತ್ವದ ಮೊತ್ತ ಹಾಕಬೇಕು. ಹಿಡಿದವನದು ಬುದ್ಧಿ, ವರ್ಚಸ್ಸು, ಅನುಭವದ ಹಂತ ಮೂರನ್ನೂ ಕೂಡಿಸಿದ ಸಂಖ್ಯೆ. ಕತ್ತಿಯದು ಅದರ ಬುದ್ಧಿ ಮತ್ತು ಅಹಂಕಾರ ಸೇರಿದ ಸಂಖ್ಯೆ. ಮೊತ್ತ ಹೆಚ್ಚಿದ್ದವರು ಗೆದ್ದಂತೆ. ಇಷ್ಟೇ ಆಗಿದ್ದರೆ ಬರಿಯ ಕೂಡುವ ಲೆಕ್ಕ. ಆದರೆ ಹಿಡಿದವನಿಗೆ ಗಾಯವಾದಷ್ಟೂ ಅವನ ವ್ಯಕ್ತಿತ್ವದ ಮೊತ್ತ ಇಳಿಯುತ್ತ ಹೋಗುತ್ತದೆ ಎಂದೂ ಬರೆದಿದೆ. ರಕ್ತ ಸುರಿಯುತ್ತಿರುವವನನ್ನು ಕತ್ತಿ ಸುಲಭವಾಗಿ ಆಳುತ್ತದೆ. ಮೈಗೂ ಮನಸ್ಸಿಗೂ ನಡುವೆ ಎಳೆದ ಗೆರೆಯನ್ನು ಗೆರೆ ಎಳೆದವರೇ ಇಲ್ಲಿ ಅಳಿಸಿದ್ದಾರೆ. ಆಟಗಾರರು ಈ ಸಾಲನ್ನು ಹೆಚ್ಚಾಗಿ ಹಾರಿಸಿಬಿಡುತ್ತಾರೆ, ಲೆಕ್ಕ ತುಸು ಗೋಜಲು. ಹಾರಿಸಿದಾಗ ಕಳೆದುಕೊಳ್ಳುವುದು ಆ ಪುಸ್ತಕದ ಒಳ್ಳೆಯ ಯೋಚನೆಗಳಲ್ಲಿ ಒಂದನ್ನು.

ಪಾತ್ರೆ ಮತ್ತು ನೀರಿನ ಈ ನಂಬಿಕೆ ಎಲ್ಲಿಂದ ಬಂತು? ಪಾಶ್ಚಾತ್ಯ ತತ್ತ್ವಶಾಸ್ತ್ರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಮಾನವಶಾಸ್ತ್ರಜ್ಞೆ ಎಮ್ಮಾ ಕೊಹೆನ್ ಉತ್ತರ ಬ್ರೆಜಿಲ್‌ನ ಬೆಲೆಂ ನಗರದ ಆಫ್ರೋ-ಬ್ರೆಜಿಲಿಯನ್ ಆರಾಧನಾ ಮನೆಯೊಂದನ್ನು ಬಹುಕಾಲ ಗಮನಿಸಿ 2007ರಲ್ಲಿ 'ದಿ ಮೈಂಡ್ ಪೊಸೆಸ್ಡ್' ಪುಸ್ತಕ ಬರೆದರು. ಹೊಕ್ಕ ಆತ್ಮವೂ ಮೈಯೊಡೆಯನೂ ಬೆರೆಯುತ್ತಾರೆ ಎಂಬ ವಿವರಣೆಯೂ ಅಲ್ಲಿ ಉಂಟು. ಆದರೆ ಜನ ದಿನನಿತ್ಯ ಯೋಚಿಸುವಾಗ, ಒಬ್ಬರು ಬಂದರೆಂದರೆ ಇನ್ನೊಬ್ಬರು ಹೋದರೆಂದೇ ಎಣಿಸುತ್ತಾರೆ ಎಂದು ಅವರು ಕಂಡುಕೊಂಡರು. ಒಂದು ಮೈಗೆ ಒಂದೇ ಮನಸ್ಸು ಎಂಬುದು ನಮ್ಮ ಊಹೆಯ ಒಗ್ಗಿದ ದಾರಿ. ಇದು ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವೂ ಹೌದು: ಜನರ ಸಹಜ ಕಲ್ಪನೆ ಬದಲಿಯದ್ದಾದರೆ, ಆಟ ಅದನ್ನೇ ಹಿಡಿದರೆ ತಪ್ಪೇನು? ತಪ್ಪೇನಿಲ್ಲ, ಆದರೆ ಊಹಿಸಲು ಸುಲಭವಾದದ್ದೆಲ್ಲ ಆಡಲು ಸೊಗಸಾಗಿರಬೇಕಿಲ್ಲ. ಅದಲ್ಲದೆ, ಆವೇಶ ನಿಜಕ್ಕೂ ನಡೆಯುವ ಕಡೆ ಜನ ಅದನ್ನು ಕಾಣುವ ಬಗೆ ಒಂದೇ ಇಲ್ಲ. ಎರಿಕಾ ಬೋರ್ಗಿನ್ಯಾನ್ 1973ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 488 ಸಮಾಜಗಳ ಪೈಕಿ ಶೇಕಡಾ 74ರಲ್ಲಿ ಒಂದಲ್ಲ ಒಂದು ಬಗೆಯ ಆವೇಶದ ನಂಬಿಕೆ ಸಿಕ್ಕಿತು. ಅದರ ರೂಪಗಳನ್ನು ಒಂದೇ ಹೆಸರಿನಡಿ ಕಟ್ಟಿಹಾಕಲು ಸಾಧ್ಯವಾಗಲಿಲ್ಲ. ಕನ್ನಡದ ಕ್ರಿಯಾಪದಗಳೇ ಈ ಭೇದ ತೋರಿಸುತ್ತವೆ. ದೆವ್ವ ಹಿಡಿಯುತ್ತದೆ, ಮೆಟ್ಟಿಕೊಳ್ಳುತ್ತದೆ, ಬಡಿಯುತ್ತದೆ. ದೇವರು ಮೈಮೇಲೆ ಬರುತ್ತದೆ, ಮೈದುಂಬುತ್ತದೆ. ಒಂದರಲ್ಲಿ ಮೈಯೊಡೆಯ ಬಲಿ, ಇನ್ನೊಂದರಲ್ಲಿ ಎದುರುಗೊಂಡವನು. ತುಳು ಪಾಡ್ದನಗಳ ವಿದ್ವಾಂಸ ಪೀಟರ್ ಕ್ಲಾಸ್ 1979ರ ಲೇಖನದಲ್ಲಿ ಇದೇ ಎರಡನ್ನು, ಬೇಡದೆ ಹಿಡಿದದ್ದು ಮತ್ತು ಸಮಾಜ ಒಪ್ಪಿ ಬರಮಾಡಿಕೊಂಡದ್ದು ಎಂದು ಬೇರ್ಪಡಿಸಿದರು. ತುಳುನಾಡಿನ ಕೋಲದಲ್ಲಿ ದೈವ ಕಟ್ಟುವವರು ಎಣ್ಣೆಬೂಳ್ಯ ಪಡೆದು, ಬಣ್ಣ ಹಚ್ಚಿ, ಗಗ್ಗರ ಕಟ್ಟಿ, ದೈವದ ಹುಟ್ಟುಬೆಳವಣಿಗೆಯ ಪಾಡ್ದನ ಹೇಳುತ್ತ ಆ ಸ್ಥಿತಿಗೆ ಏರುತ್ತಾರೆ. ಅವರ ಮನೆತನ, ಪಾಠವಾದ ಪಾಡ್ದನ, ಹಿಡಿದ ವ್ರತ ಯಾವುದನ್ನೂ ಅಳಿಸಿ ದೈವ ಬರುವುದಿಲ್ಲ. ಅವೆಲ್ಲ ಇದ್ದುದರಿಂದಲೇ ಬರುತ್ತದೆ. ಹೊತ್ತವರ ತಯಾರಿ ಹೊಕ್ಕವರ ನುಡಿಯ ಒಂದು ಭಾಗ.

ಆಟಗಳ ಲೋಕದಲ್ಲಿ ಈ ದಿಕ್ಕಿಗೆ ಮೊದಲು ಹೊರಳಿದ್ದು 1978ರ 'ರೂನ್‌ಕ್ವೆಸ್ಟ್'. ಅದು ನಡೆಯುವ ಗ್ಲೊರಾಂತಾ ಎಂಬ ಲೋಕವನ್ನು ಕಟ್ಟಿದ ಗ್ರೆಗ್ ಸ್ಟಾಫರ್ಡ್ ಸ್ವತಃ ಶಾಮನ್ ಸಾಧನೆಯಲ್ಲಿ ತೊಡಗಿದ್ದವರು. ಆತ್ಮಗಳು ಅವರಿಗೆ ರಾಕ್ಷಸರ ಪಟ್ಟಿಯ ಒಂದು ಸಾಲಾಗಿರಲಿಲ್ಲ. ಅವರ ಲೋಕದಲ್ಲಿ ಆತ್ಮವೂ ಮನುಷ್ಯನೂ ಶಕ್ತಿಗೆ ಶಕ್ತಿಯೊಡ್ಡಿ ಕಾದಾಡುತ್ತಾರೆ, ಸೋತವನ ಮೈಗೆ ಆತ್ಮ ಹೊಗುತ್ತದೆ. ಕೆಲವು ಆತ್ಮಗಳು ಮೈಯನ್ನು ಆಳುತ್ತವೆ; ಇನ್ನು ಕೆಲವು, ಕಾಯಿಲೆಯ ಆತ್ಮಗಳ ಹಾಗೆ, ಒಳಗೆ ಅಡಗಿದ್ದು ಮೈಯೊಡೆಯನನ್ನು ಅವನ ಪಾಡಿಗೇ ಬಿಟ್ಟು ಒಳಗೊಳಗೇ ತಿನ್ನುತ್ತವೆ. ರಾನ್ ಎಡ್ವರ್ಡ್ಸ್ ಅವರ 'ಸಾರ್ಸರರ್' ಆಟ ಕೂಡ ಮೈಯನ್ನೇ ಕಸಿದುಕೊಳ್ಳುವ ದೆವ್ವವನ್ನೂ ಒಳಗೆ ಬಾಡಿಗೆಗಿದ್ದಂತೆ ಬದುಕುವ ದೆವ್ವವನ್ನೂ ಬೇರೆಬೇರೆ ಜಾತಿಯಾಗಿಯೇ ಎಣಿಸುತ್ತದೆ. ಹೊಕ್ಕರೂ ಕದಲಿಸದಿರುವುದು ಸಾಧ್ಯ ಎಂದು ಒಪ್ಪಿದ ಮೇಲೆ ಪ್ರಶ್ನೆಯ ರೂಪವೇ ಬದಲಾಯಿತು. ಯಾರು ಗೆದ್ದರು ಎಂಬುದರ ಜಾಗದಲ್ಲಿ, ಇಬ್ಬರೂ ಒಂದೇ ಮನೆಯಲ್ಲಿ ಹೇಗೆ ಬದುಕುತ್ತಾರೆ ಎಂಬುದು ಬಂತು.

ಈ ಹೊಸ ಪ್ರಶ್ನೆಯನ್ನು ಬೆಳೆಸಿದ್ದು 1990ರ ದಶಕ, ಅದೂ ಆಟಗಾರರನ್ನೇ ಹೊಕ್ಕವರ ಕಡೆಗೆ ಕೂರಿಸುವ ಮೂಲಕ. 1992ರ ಫ್ರೆಂಚ್ ಆಟ 'ನೆಫಿಲಿಂ'ನಲ್ಲಿ ಆಡುವವರೆಲ್ಲ ಶತಮಾನಗಳಿಂದ ಮೈಯಿಂದ ಮೈಗೆ ಸಾಗಿಬಂದ ಭೂತತತ್ತ್ವಗಳ ಜೀವಿಗಳು; ಮನುಷ್ಯ ದೇಹಕ್ಕೆ ಅವರ ಹೆಸರು 'ಸಿಮ್ಯುಲಾಕ್ರ್', ಎಂದರೆ ಬರಿಯ ಬಿಂಬ. ಹೆಸರಿನಲ್ಲೇ ತಾತ್ಸಾರವಿದೆ. ನಾಯಕರೇ ಮೈಗಳ್ಳರಾದ ಈ ಆಟ ಕದ್ದ ಮೈಗಳ ಬಗ್ಗೆ ಸಾಕಷ್ಟು ಚಿಂತಿಸಲಿಲ್ಲ ಎಂಬುದು ನನ್ನ ದೂರು. 1997ರ 'ಇನ್ ನೋಮಿನೆ' ಚಿಂತಿಸಿತು. ಅದರಲ್ಲಿ ಕಿರಿಯೊಟೇಟ್ ಎಂಬ ದೇವದೂತರು ಇತರರ ಮೈಗಳಲ್ಲಿ ನೆಲೆಸಿ ಕೆಲಸ ಸಾಧಿಸುತ್ತಾರೆ, ಆದರೆ ಒಂದು ಕಟ್ಟುಪಾಡಿನೊಂದಿಗೆ: ಬಿಟ್ಟು ಹೋಗುವಾಗ ಮೈಯೊಡೆಯನ ಸ್ಥಿತಿ ಬಂದಾಗ ಇದ್ದುದಕ್ಕಿಂತ ಕೆಟ್ಟಿರಬಾರದು. ಕೆಟ್ಟರೆ ದೇವದೂತನ ಸ್ವರೂಪವೇ ಬೆಸುರಾಗುತ್ತದೆ. ಎದುರಿಗೆ ಶೆಡೈಟ್ ಎಂಬ ದೆವ್ವಗಳು. ಇವು ಹೊಕ್ಕವನಿಂದ ದಿನಕ್ಕೊಂದು ಪಾಪ ಮಾಡಿಸಬೇಕು, ಪ್ರತಿ ಪಾಪ ಹಿಂದಿನದಕ್ಕಿಂತ ಹೆಚ್ಚಿನದಾಗಬೇಕು. ಕೈಹಿಡಿದು ಮಾಡಿಸಿದರೆ ಆಗದು, ಮೈಯೊಡೆಯನನ್ನು ಕೆಡಿಸಿ ಮಾಡಿಸಬೇಕು. ಈ ಎರಡು ನಿಯಮಗಳು ಮೇಜಿನ ಮೇಲೆ ಎಂಥ ಆಟ ಹುಟ್ಟಿಸುತ್ತವೆ ನೋಡಿ. ದೇವದೂತ ಒಬ್ಬ ಬಸ್ ಚಾಲಕನ ಮೈಗೆ ಎರಡು ದಿನ ಹೊಕ್ಕರೆ, ಆ ಎರಡು ದಿನ ಅವನ ಕೆಲಸ ಉಳಿಯುವಂತೆ, ಹೆಂಡತಿ ಮುನಿಯದಂತೆ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕು. ಶೆಡೈಟ್ ಅದೇ ಚಾಲಕನೊಳಗಿದ್ದರೆ ಅವನ ಯಾವ ಸಣ್ಣ ಅಸೂಯೆಗೆ ನೀರೆರೆಯಬಹುದು ಎಂದು ಹುಡುಕಬೇಕು. ಇಬ್ಬರಿಗೂ ಅವನ ವ್ಯಕ್ತಿತ್ವವನ್ನು ಅರಿಯದೆ ಗತಿಯಿಲ್ಲ. ಆರು ಗುಣಗಳ ಗೆರೆಗೆ ಸಿಗದ ಚಟ, ಮುನಿಸು, ಮಮತೆಗಳೇ ಇಲ್ಲಿ ಆಟದ ಸಾಮಗ್ರಿ.

ವೈಟ್ ವೂಲ್ಫ್ ಸಂಸ್ಥೆಯ ಎರಡು ಆಟಗಳನ್ನು ಇಲ್ಲಿಯೇ ನೆನೆಯಬೇಕು. 1994ರ 'ರೇತ್: ದಿ ಒಬ್ಲಿವಿಯನ್'ನಲ್ಲಿ ಸತ್ತವರದೇ ಪಾತ್ರ, ಒಬ್ಬೊಬ್ಬರೊಳಗೂ ಅವರ ನಾಶವನ್ನೇ ಬಯಸುವ ಒಂದು ನೆರಳು. ಆ ನೆರಳಿನ ದನಿಯಾಗುವುದು ಕಥೆ ನಡೆಸುವವರಲ್ಲ, ಮೇಜಿನ ಇನ್ನೊಬ್ಬ ಆಟಗಾರ. ನಿಮ್ಮ ಪಾತ್ರದ ಕಿವಿಯಲ್ಲಿ ಪಿಸುಗುಡುತ್ತಿರುವವರು ಪಕ್ಕದ ಕುರ್ಚಿಯ ಗೆಳೆಯ. ಒಂದು ಮನಸ್ಸನ್ನು ಇಬ್ಬರಿಗೆ ಹಂಚಿದ ಈ ಉಪಾಯಕ್ಕಿಂತ ಸೊಗಸಾದದ್ದನ್ನು ಆಮೇಲಿನ ಆಟಗಳೂ ಅಪರೂಪಕ್ಕೆ ಕಂಡವು. 2017ರ 'ಬ್ಲೂಬಿಯರ್ಡ್ಸ್ ಬ್ರೈಡ್'ನಲ್ಲಿ ಒಬ್ಬಳೇ ವಧುವಿನ ಮನಸ್ಸಿನ ಬೇರೆಬೇರೆ ಮುಖಗಳನ್ನು ಎಲ್ಲರೂ ಹಂಚಿಕೊಂಡು, ಉಂಗುರ ಯಾರ ಕೈಗೆ ಬಂತೋ ಅವರು ಮೈಯನ್ನು ನಡೆಸುವುದು ಅಂಥ ಒಂದು. 2002ರ 'ಡೀಮನ್: ದಿ ಫಾಲನ್' ಇನ್ನೊಂದು ದಾರಿ ಹಿಡಿಯಿತು. ಪಾತಾಳದಿಂದ ತಪ್ಪಿಸಿಕೊಂಡ ಪತಿತ ದೇವದೂತರು ಆತ್ಮ ಬತ್ತಿಹೋದ ಮನುಷ್ಯರ ಮೈಗಳನ್ನು ಹೊಗುತ್ತಾರೆ. ಯುಗಗಳ ಸೆರೆ ಅವರನ್ನು ದ್ವೇಷದ ಮುದ್ದೆಯಾಗಿಸಿದೆ. ಆದರೆ ಹೊಕ್ಕ ಕ್ಷಣ ಆ ಮನುಷ್ಯನ ನೆನಪುಗಳು ಮೈದುಂಬಿ ಬರುತ್ತವೆ, ಅವನ ಪ್ರೀತಿ, ನಾಚಿಕೆ, ಸೋಲುಗಳೆಲ್ಲ. ಆ ನೆನಪೇ ದೆವ್ವದ ಉರಿಯನ್ನು ತಣಿಸಿ ಅದನ್ನು ಮತ್ತೆ ಮಾತಾಡಿಸಬಹುದಾದ ಜೀವಿಯಾಗಿಸುತ್ತದೆ. ಯಾರು ಯಾರಿಗೆ ಹೊಕ್ಕರು ಎಂದು ಕೇಳಬೇಕಾದ ಸ್ಥಿತಿ. ಮೈಯೊಡೆಯ ಹೆಚ್ಚುಕಡಿಮೆ ಸತ್ತಿದ್ದಾನೆ, ಆದರೂ ಅವನ ವ್ಯಕ್ತಿತ್ವ ಹೊಕ್ಕವನನ್ನು ತಿದ್ದುತ್ತಿದೆ.

ಕಂಪ್ಯೂಟರಿನಲ್ಲಿ ಆಡುವ ಆಟಗಳಲ್ಲಿ ಇದೇ ಎಳೆಯನ್ನು ಅತ್ಯಂತ ಎಚ್ಚರದಿಂದ ನೇಯ್ದದ್ದು 'ಡ್ರ್ಯಾಗನ್ ಏಜ್' ಸರಣಿ. ಆ ಲೋಕದ ಮಾಂತ್ರಿಕರಿಗೆ ದೆವ್ವ ಹೊಕ್ಕು ವಿಕಾರ ಜೀವಿಗಳಾಗುವ ಭಯ ಸದಾ ಇದೆ. ಅದನ್ನು ತಡೆಯಲೆಂದೇ ಧರ್ಮಪೀಠದ ಸೈನಿಕರು ಅವರನ್ನು ಗೋಪುರಗಳಲ್ಲಿ ಕೂಡಿಹಾಕುತ್ತಾರೆ. 2010ರ 'ಅವೇಕನಿಂಗ್'ನಲ್ಲಿ ನ್ಯಾಯ ಎಂಬ ಆತ್ಮ ಕ್ರಿಸ್ಟಫ್ ಎಂಬ ಯೋಧನ ಹೆಣದೊಳಗೆ ಸಿಕ್ಕಿಬೀಳುತ್ತದೆ. ಹೆಣದ ನೆನಪುಗಳು ಅದಕ್ಕೆ ಹತ್ತುತ್ತವೆ. ಸತ್ತವನ ಹೆಂಡತಿ ಎದುರು ಬಂದಾಗ, ಹಿಂದೆಂದೂ ಯಾರನ್ನೂ ಪ್ರೀತಿಸದ ಆ ಆತ್ಮಕ್ಕೆ ತನ್ನದಲ್ಲದ ಪ್ರೀತಿಯ ನೋವು ಗೊತ್ತಾಗುತ್ತದೆ. 2011ರ ಮುಂದಿನ ಆಟದಲ್ಲಿ ಅದೇ ನ್ಯಾಯ ಆಂಡರ್ಸ್ ಎಂಬ ಮಾಂತ್ರಿಕನ ಮೈಗೆ, ಅವನ ಪೂರ್ಣ ಒಪ್ಪಿಗೆಯಿಂದ, ಗೆಳೆತನದಿಂದಲೇ ಹೊಗುತ್ತದೆ. ಆಂಡರ್ಸ್‌ನೊಳಗೆ ಆ ಸೈನಿಕರ ಮೇಲೆ ವರ್ಷಗಳ ಸಿಟ್ಟಿದೆ. ಆ ಸಿಟ್ಟಿನಲ್ಲಿ ನೆನೆದ ನ್ಯಾಯ ಸೇಡಾಗಿ ಬದಲಾಗುತ್ತದೆ; ಕೊನೆಗೆ ಕರ್ಕ್‌ವಾಲ್ ನಗರದ ಧರ್ಮಮಂದಿರ ಸ್ಫೋಟಿಸಿ ಬೀಳುತ್ತದೆ. ಸ್ಫೋಟಿಸಿದ್ದು ಯಾರು? ಆತ್ಮವೆಂದರೆ ಅರ್ಧ ಸುಳ್ಳು, ಆಂಡರ್ಸ್ ಎಂದರೂ ಅರ್ಧ ಸುಳ್ಳು. ಹೊಕ್ಕದ್ದು ಸದ್ಗುಣ, ಹೊಕ್ಕಿಸಿಕೊಂಡವನು ಕರುಣೆಯುಳ್ಳ ವೈದ್ಯ, ಕೂಡಿ ಹುಟ್ಟಿದ್ದು ಅನಾಹುತ. ಮೈಯೊಡೆಯನ ಸ್ವಭಾವವನ್ನು ಬದಿಗಿಟ್ಟರೆ ಈ ಕಥೆಯನ್ನು ಹೇಳುವುದಕ್ಕೇ ಆಗದು.

ಇಲ್ಲಿಗೆ ಬಲವಾದ ಆಕ್ಷೇಪಗಳು ಬರುತ್ತವೆ. ಒಂದು, ಭಯದ ಮಾತು. ಮೈಯೊಡೆಯ ಒಳಗೆ ಉಳಿದಿದ್ದಾನೆ, ಮಾತಾಡಿಸಿದರೆ ಓಗೊಡುತ್ತಾನೆ ಎಂದಾದರೆ ಆವೇಶದ ಭೀಕರತೆ ಕರಗುವುದಿಲ್ಲವೇ, ಗೆಳೆಯನ ಮುಖ ಹೊತ್ತು ಬಂದದ್ದರಲ್ಲಿ ಗೆಳೆಯ ಎಳ್ಳಷ್ಟೂ ಇಲ್ಲ ಎಂಬುದಲ್ಲವೇ ಹೆದರಿಕೆ? 1936ರಲ್ಲಿ ಪ್ರಕಟವಾದ ಎಚ್. ಪಿ. ಲವ್‌ಕ್ರಾಫ್ಟ್ ಅವರ 'ದಿ ಶ್ಯಾಡೋ ಔಟ್ ಆಫ್ ಟೈಮ್' ಇಲ್ಲಿ ನೆರವಿಗೆ ಬರುತ್ತದೆ. 1981ರ 'ಕಾಲ್ ಆಫ್ ಕ್ಥುಲು' ಆಟ ಹುಟ್ಟಿದ್ದೇ ಅವರ ಕಥಾಲೋಕದಿಂದ. ಲವ್‌ಕ್ರಾಫ್ಟ್ ಅವರ ಈ ಕಥೆಯಲ್ಲಿ ಪ್ರಾಧ್ಯಾಪಕನೊಬ್ಬನ ಮೈಯಲ್ಲಿ ಐದು ವರ್ಷ ಬೇರೆ ಯುಗದ ಜೀವಿ ವಾಸಿಸುತ್ತದೆ, ಪೂರ್ಣ ಬದಲಿ. ಆದರೆ ಕಥೆ ಭಯ ಕಟ್ಟುವುದು ಆ ಐದು ವರ್ಷಗಳ ಮೇಲಲ್ಲ, ಅವನು ಮರಳಿ ಬಂದ ಮೇಲೆ ಕನಸಿನಲ್ಲಿ ಚೂರುಚೂ‌ರಾಗಿ ತೇಲುವ ನೆನಪಿನ ಮೇಲೆ. ಬದಲಿಯೇ ಇದ್ದರೂ ಭಯ ಶೇಷದಿಂದ ಬಂತು. ಐದನೆಯ ಆವೃತ್ತಿಯ ಪ್ರೇತ ನಿಯಮದಲ್ಲಿಯೂ ಮೈ ಜುಮ್ಮೆನಿಸುವುದು ಎಚ್ಚರ ತಪ್ಪುವುದಿಲ್ಲ ಎಂಬ ಆ ಒಂದು ಮಾತು.

ಎರಡನೆಯದು ಮೇಜಿನ ಕಷ್ಟ, ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆಟಗಾರರಿಗೆ ತಮ್ಮದೆಂದು ಇರುವುದು ತಮ್ಮ ಪಾತ್ರವೊಂದೇ. ಅದನ್ನು ಕಸಿದುಕೊಂಡರೆ ಅವರು ಒಂದು ಗಂಟೆ ಸುಮ್ಮನೆ ಕೂರಬೇಕು, ಇಲ್ಲವೇ ಮೊಬೈಲ್ ನೋಡಬೇಕು. ಮೈಯ ಮೇಲಿನ ಹಕ್ಕು ತಪ್ಪುವುದು ಕೆಲವರಿಗೆ ಆಟದಾಚೆಯ ಗಾಯವನ್ನೂ ಕೆದಕಬಹುದು. ಅದಕ್ಕಾಗಿಯೇ ಯಾವ ವಿಷಯ ಬೇಡ, ಯಾವುದು ಪರದೆಯ ಹಿಂದೆ ನಡೆಯಲಿ ಎಂದು ಮೊದಲೇ ಮಾತಾಡಿಕೊಳ್ಳುವ ರೂಢಿ ಬೆಳೆದಿದೆ. ಆದರೆ ಈ ಕಷ್ಟ ಹುಟ್ಟುವುದು ಬದಲಿಯ ನಿಯಮದಿಂದ. ಮೈಯೊಡೆಯ ಹೊರಟುಹೋದರೆ ಅವನ ಆಟಗಾರರಿಗೆ ಕೆಲಸವಿಲ್ಲ. 2015ರ 'ಪಾತ್‌ಫೈಂಡರ್: ಅಕಲ್ಟ್ ಅಡ್ವೆಂಚರ್ಸ್'ನ 'ಮೀಡಿಯಂ' ಎಂಬ ಪಾತ್ರ ಈ ತೊಡಕನ್ನು ಜಾಣತನದಿಂದ ಬಿಡಿಸುತ್ತದೆ. ಅವರು ಬೆಳಿಗ್ಗೆ ಒಂದು ಆತ್ಮವನ್ನು ತಾವಾಗಿ ಕರೆದುಕೊಳ್ಳುತ್ತಾರೆ. ಆತ್ಮದ ಪ್ರಭಾವ ಒಂದು ಅಂಕದಿಂದ ಶುರು, ಅದರ ಹೆಚ್ಚಿನ ಶಕ್ತಿಗೆ ಕೈಚಾಚಿದಾಗ ಏರುತ್ತದೆ. ಮೂರಕ್ಕೆ ನಡತೆಯಲ್ಲಿ ವ್ಯತ್ಯಾಸ ಕಾಣುತ್ತದೆ, ಐದು ಮುಟ್ಟಿದರೆ ಆ ದಿನ ಪಾತ್ರ ಕಥೆ ನಡೆಸುವವರ ಕೈಗೆ. ಎಷ್ಟು ಬಿಟ್ಟುಕೊಡಬೇಕೆಂಬುದು ಪ್ರತಿ ಹೆಜ್ಜೆಗೂ ಆಟಗಾರರ ತೀರ್ಮಾನ. ಇನ್ನೂ ಸರಳ ದಾರಿಯೂ ಇದೆ: ಪ್ರೇತ ಏನು ಬಯಸುತ್ತದೆಂದು ಚೀಟಿಯಲ್ಲಿ ಬರೆದು ಆ ಆಟಗಾರರಿಗೇ ಕೊಟ್ಟು, ಅವರ ಪಾತ್ರದ ಮೈಯಲ್ಲಿ ಪ್ರೇತವನ್ನು ಅವರೇ ಆಡುವಂತೆ ಬಿಡುವುದು. ಯೋಧ ಹೇಗೆ ನಿಲ್ಲುತ್ತಾನೆ, ಯಾವ ಮಾತಿಗೆ ತಲೆ ತಗ್ಗಿಸುತ್ತಾನೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಎಲ್ಲಿ ತಪ್ಪಬೇಕೆಂಬುದೂ ಅವರಿಗೇ ಗೊತ್ತು.

ಮೂರನೆಯ ಆಕ್ಷೇಪ ಹೊರಗಿನಿಂದ ಬಂದದ್ದು. 1980ರ ದಶಕದ ಅಮೆರಿಕದಲ್ಲಿ ಕೆಲವು ಕ್ರೈಸ್ತ ಗುಂಪುಗಳು ಈ ಆಟಗಳೇ ದೆವ್ವಕ್ಕೆ ಬಾಗಿಲು ಎಂದು ಸಾರಿದವು. ಪಾತ್ರ ಹೊಕ್ಕು ಆಟಗಾರ ಕಳೆದುಹೋಗುತ್ತಾನೆ ಎಂಬುದು ಅವರ ಭಯ. ಜ್ಯಾಕ್ ಚಿಕ್ 1984ರಲ್ಲಿ ಇದನ್ನೇ ಚಿತ್ರಕಥೆಯ ಕಿರುಹೊತ್ತಿಗೆಯಾಗಿ ಹಂಚಿದರು. ಒತ್ತಡ ಎಷ್ಟಿತ್ತೆಂದರೆ 1989ರ ಎರಡನೆಯ ಆವೃತ್ತಿಯಲ್ಲಿ ದೆವ್ವ ಪಿಶಾಚಿಗಳ ಹೆಸರು ತೆಗೆದು 'ಟನಾರಿ', 'ಬಾಟೆಜು' ಎಂಬ ಹುಟ್ಟಿಸಿದ ಪದಗಳನ್ನು ಇಟ್ಟರು. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅಷ್ಟರಲ್ಲಿ ಆಟಗಾರರ ನಡುವೆ ಕೂತು ನೋಡಿ 1983ರಲ್ಲಿ ತಮ್ಮ 'ಶೇರ್ಡ್ ಫ್ಯಾಂಟಸಿ' ಪ್ರಕಟಿಸಿದ್ದರು. ಆಡುವವರು ಮೂರು ನೆಲೆಗಳಲ್ಲಿ ಏಕಕಾಲಕ್ಕೆ ಇರುತ್ತಾರೆ ಎಂಬುದು ಅವರ ವಿವರಣೆ: ಹಸಿವಾದ ಮನುಷ್ಯರಾಗಿ, ನಿಯಮ ಎಣಿಸುವ ಆಟಗಾರರಾಗಿ, ಕತ್ತಿ ಹಿರಿದ ಪಾತ್ರವಾಗಿ, ಒಂದರಿಂದ ಇನ್ನೊಂದಕ್ಕೆ ಕ್ಷಣದಲ್ಲಿ ದಾಟುತ್ತಾರೆ. ಟೀಕಾಕಾರರ ಮನಸ್ಸಿನಲ್ಲಿದ್ದದ್ದೂ ಒಂದು ಮೈಗೆ ಒಂದೇ ಮನಸ್ಸು ಎಂಬ ಎಣಿಕೆಯೇ. ತಮಾಷೆಯೆಂದರೆ ಆಟದ ಮ್ಯಾಜಿಕ್ ಜಾರ್ ನಿಯಮದಲ್ಲೂ ಅದೇ ಎಣಿಕೆ ಇತ್ತು. ಮೇಜಿನ ಸುತ್ತ ಕೂತವರು ಮಾತ್ರ ದಿನವೂ ಬೇರೆಯದನ್ನು ಮಾಡುತ್ತಿದ್ದರು: ತಾವು ಕದಲದೆ ಇನ್ನೊಬ್ಬರನ್ನು ಹೊತ್ತು, ಆ ಇನ್ನೊಬ್ಬರ ಮಾತಿನಲ್ಲಿ ತಮ್ಮ ದನಿ ಅಷ್ಟಿಷ್ಟು ಇಣುಕುವುದನ್ನು ಸಹಜವೆಂದುಕೊಂಡು, ಚಹಾ ತಣ್ಣಗಾಯಿತೆಂದು ಗೊಣಗುತ್ತ.

ಉಳಿದದ್ದು ನೆನಪಿನ ಲೆಕ್ಕ. ಎಲ್ಲಕ್ಕೂ ಬೆಲೆ ಕಟ್ಟುವ 'ಗರ್ಪ್ಸ್' ಆಟದ 2004ರ ಆವೃತ್ತಿಯಲ್ಲಿ ಇನ್ನೊಬ್ಬರ ಮೈಗೆ ಹೊಗುವ ಶಕ್ತಿಗೆ 100 ಅಂಕ. ಮೈಯೊಡೆಯನ ನೆನಪುಗಳೆಲ್ಲ ಓದಲು ಸಿಗಬೇಕೆಂದರೆ ಅದರ ಮೇಲೆ ಇನ್ನಷ್ಟು ತೆರಬೇಕು. ಹೊಕ್ಕಿದ್ದ ಹೊತ್ತಿನ ನೆನಪನ್ನು ಅವನಿಂದ ಮರೆಮಾಚಲು ಬಾರದಿದ್ದರೆ ಬೆಲೆಯಲ್ಲಿ ರಿಯಾಯಿತಿ. ಎಂದರೆ, ಎದ್ದ ಮೇಲೆ ಅವನಿಗೆ ಎಲ್ಲ ನೆನಪಿರುವುದು ಹೊಕ್ಕವರ ಪಾಲಿಗೆ ನಷ್ಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರೇತಕ್ಕೆ ಇಂಥ ಚೌಕಾಸಿಯಿಲ್ಲ. ಅದು ಬಿಟ್ಟುಹೋದ ಮೇಲೆ 24 ಗಂಟೆ ಆ ಮೈಗೆ ಮತ್ತೆ ಹೊಗುವಂತಿಲ್ಲ ಎಂಬಲ್ಲಿಗೆ ನಿಯಮ ನಿಲ್ಲುತ್ತದೆ. ಸಂಗಾತಿ ಯೋಧನನ್ನು ಎಬ್ಬಿಸಿ ಕೂರಿಸಿ, ಅಷ್ಟು ಹೊತ್ತು ಒಳಗಿಂದ ಏನೇನು ನೋಡಿದೆ ಎಂದು ಕೇಳಿದರೆ, ಉತ್ತರ ಹೇಳುವ ಸರದಿ ಆಟಗಾರರದು.